ಬಾಯಿಗೆ ಅಡ್ಡ ಬರುವ ಕೈ

ಪ್ರಶ್ನೆ: ನನಗೆ 28 ವರ್ಷ. ಊರು ದಾವಣಗೆರೆ, ಐದು ವರ್ಷದಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಮೇಲಿನ ಮುಂಭಾಗದ ಹಲ್ಲುಗಳು ಉಬ್ಬಿವೆ, ಒಂದು ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೇರಿದೆ. ಶಾಲೆಯಲ್ಲಿ ಇದಕ್ಕೆಂದೇ ಅಡ್ಡಹೆಸರಿತ್ತು. ಈಗಲೂ ನಗು ಬಂದರೆ ಕೈ ಅಡ್ಡ ಹಿಡಿಯುತ್ತೇನೆ, ಮೀಟಿಂಗ್‌ನಲ್ಲಿ ಕ್ಯಾಮೆರಾ ಆನ್ ಮಾಡುವುದಿಲ್ಲ. ಈ ಸಲದ ಅಪ್ರೈಸಲ್‌ನಲ್ಲಿ ‘ಕಮ್ಯುನಿಕೇಶನ್ ಸುಧಾರಿಸಬೇಕು, ಧ್ವನಿ ಕೇಳಿಸುವುದಿಲ್ಲ’ ಎಂದು ಬರೆದಿದ್ದಾರೆ. ಟೀಮ್ ಲೀಡ್ ಹುದ್ದೆಗೆ ಈ ತಿಂಗಳ ಕೊನೆಯೊಳಗೆ ಅರ್ಜಿ ಹಾಕಬಹುದು. ಹಲ್ಲು ಸರಿಮಾಡಿಸಿಕೊಂಡು ಮುಂದೆ ಯಾವಾಗಲಾದರೂ ಹಾಕಿದರಾಯಿತು ಅನ್ನಿಸುತ್ತಿದೆ. ಈ ವಯಸ್ಸಿನಲ್ಲಿ ಕ್ಲಿಪ್ ಹಾಕಿಸಬಹುದೇ? ನಾಲ್ಕು ಹಲ್ಲು ಕೀಳಬೇಕು ಎಂದು ಒಬ್ಬ ಡಾಕ್ಟರು ಹೇಳಿದರು. ಅಮ್ಮ ‘ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತೆ, ಮದುವೆ ಹೊತ್ತಿಗೆ ತಂತಿ ಬೇಡ’ ಅನ್ನುತ್ತಾರೆ. ಆರು ತಿಂಗಳಲ್ಲಿ ಅಲೈನರ್ ಎಂಬ ಜಾಹೀರಾತು ನಂಬಬಹುದೇ?

ಉತ್ತರ: ಅಮ್ಮನ ಭಯದಿಂದಲೇ ಶುರು ಮಾಡೋಣ. ಅದು ಬಗೆಹರಿಯದೆ ಮನೆಯಲ್ಲಿ ಬೇರೆ ಮಾತು ಮುಂದೆ ಹೋಗುವುದಿಲ್ಲ. ಮೇಲಿನ ಹಲ್ಲು ಕಿತ್ತರೆ ದೃಷ್ಟಿ ಮಂದವಾಗುತ್ತದೆ ಎಂಬ ಮಾತನ್ನು ವಾರಕ್ಕೆ ಎರಡು ಸಲವಾದರೂ ಕೇಳುತ್ತೇನೆ. ತಲೆಬುರುಡೆಯ ಹನ್ನೆರಡು ಜೋಡಿ ನರಗಳಲ್ಲಿ ನೋಟಕ್ಕೆ ಇರುವುದು ಎರಡನೆಯದು. ಮೇಲಿನ ಹಲ್ಲುಗಳ ನೋವು-ಜುಮ್ಮು ತಿಳಿಸುವುದು ಐದನೆಯದರ ಒಂದು ಕವಲು. ಎರಡರ ದಾರಿಯೂ ಬೇರೆ. ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ನನ್ನ ಊಹೆ ಇಷ್ಟು: ಹಿಂದಿನವರು ಹಲ್ಲು ಕೀಳಿಸುತ್ತಿದ್ದುದೇ ನಲವತ್ತು ದಾಟಿದ ಮೇಲೆ, ಚಾಳೀಸು ಬರುವುದೂ ಅದೇ ವಯಸ್ಸಿಗೆ. ಪಾಪ, ಹಲ್ಲಿನ ಮೇಲೆ ಅಪವಾದ ಬಂತು.

ಇನ್ನು ವಯಸ್ಸು. 28 ತಡವೇನಲ್ಲ. ಅರವತ್ತು ದಾಟಿದವರಿಗೂ ಕ್ಲಿಪ್ ಹಾಕಿದ್ದೇನೆ. ಹಲ್ಲು ಗೋಡೆಗೆ ಹೊಡೆದ ಮೊಳೆಯ ಹಾಗೆ ಕೂತಿರುತ್ತದೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಆದರೆ ಬೇರಿಗೂ ಎಲುಬಿಗೂ ನಡುವೆ ಸುಮಾರು 0.2 ಮಿಲಿಮೀಟರ್‌ನಷ್ಟು ನಾರಿನ ಪದರವಿದೆ. ತಂತಿ ಹಲ್ಲನ್ನು ಮೆಲ್ಲಗೆ ಒತ್ತಿದರೆ ಒತ್ತಡ ಬಿದ್ದ ಕಡೆ ಎಲುಬು ಕರಗುತ್ತದೆ, ಹಿಂದೆ ತೆರವಾದ ಕಡೆ ಹೊಸ ಎಲುಬು ಕಟ್ಟುತ್ತದೆ. ಈ ಕೆಲಸ ಹದಿನಾಲ್ಕಕ್ಕೂ ನಡೆಯುತ್ತದೆ, ಐವತ್ತಕ್ಕೂ ನಡೆಯುತ್ತದೆ. ದೊಡ್ಡವರಲ್ಲಿ ಆಗದ ಸಂಗತಿ ಒಂದೇ. ಬೆಳೆಯುವ ಮಕ್ಕಳ ದವಡೆಯನ್ನು ಬೇಕಾದ ಕಡೆ ಸ್ವಲ್ಪ ತಿರುಗಿಸಿಕೊಳ್ಳಬಹುದು, ನಿಮ್ಮದು ಬೆಳೆದು ನಿಂತಿದೆ. ಹಾಗಾಗಿ ನಿಮ್ಮ ಉಬ್ಬು ಹಲ್ಲಿನದೋ ದವಡೆಯದೋ ಎನ್ನುವುದು ಮೊದಲು ಗೊತ್ತಾಗಬೇಕು. ಅದಕ್ಕೆ ಪಕ್ಕದಿಂದ ತೆಗೆಯುವ ತಲೆಯ ಎಕ್ಸ್‌ರೇ ಇದೆ, ಸೆಫಲೋಗ್ರಾಮ್ ಅನ್ನುತ್ತೇವೆ. ಕೆಳದವಡೆಯೇ ತೀರಾ ಹಿಂದಿದ್ದರೆ ಬರೀ ಕ್ಲಿಪ್ ಸಾಲದು, ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಜೊತೆಗೆ ವಸಡು. ಹಲ್ಲುಜ್ಜುವಾಗ ರಕ್ತ ಬರುತ್ತಿದ್ದರೆ ಮೊದಲು ಅದರ ಚಿಕಿತ್ಸೆ, ಆಮೇಲೆ ತಂತಿ. ಸಡಿಲ ಮಣ್ಣಿನಲ್ಲಿ ಕಂಬ ಸರಿಸಲು ಹೋದರೆ ಕಂಬವೇ ಕಿತ್ತು ಬಂದೀತು.

ನಾಲ್ಕು ಹಲ್ಲು ಯಾಕೆ ಎಂಬುದು ಜಾಗದ ಲೆಕ್ಕ. ಬಸ್ಸಿನ ಸೀಟಿನಲ್ಲಿ ಮೂವರು ಕೂರುವ ಕಡೆ ನಾಲ್ವರು ಕೂತಿದ್ದಾರೆ. ಒಬ್ಬರು ಏಳದೆ ಉಳಿದವರು ಹಿಂದಕ್ಕೆ ಒರಗಲಾರರು. ಸಾಮಾನ್ಯವಾಗಿ ಕೋರೆಹಲ್ಲಿನ ಹಿಂದಿರುವ, ಒಂದೊಂದೂ ಸುಮಾರು 7 ಮಿಲಿಮೀಟರ್ ಅಗಲದ ಹಲ್ಲುಗಳನ್ನು ತೆಗೆಯುತ್ತೇವೆ. ಆ ಜಾಗ ಕೊನೆಗೆ ಮುಚ್ಚಿಹೋಗುತ್ತದೆ, ಖಾಲಿ ಉಳಿಯುವುದಿಲ್ಲ. ಆದರೆ ಎಲ್ಲರಿಗೂ ನಾಲ್ಕು ಕೀಳಲೇಬೇಕೆಂದಿಲ್ಲ. ಕೊರತೆ ಕಡಿಮೆಯಿದ್ದರೆ ಹಲ್ಲುಗಳ ಪಕ್ಕವನ್ನು ಕೂದಲೆಳೆಯಷ್ಟು ಉಜ್ಜಿಯೋ, ಎಲುಬಿಗೆ ಪುಟ್ಟ ಸ್ಕ್ರೂ ಹಾಕಿ ಹಿಂದಿನ ಹಲ್ಲುಗಳನ್ನು ಇನ್ನೂ ಹಿಂದಕ್ಕೆ ತಳ್ಳಿಯೋ ಜಾಗ ಮಾಡಬಹುದು. ಎಕ್ಸ್‌ರೇ ತೆಗೆಯದೆ, ಹಲ್ಲಿನ ಅಚ್ಚು ತೆಗೆಯದೆ ಕುರ್ಚಿಯಲ್ಲಿ ಕೂರಿಸಿ ಬಾಯಿ ನೋಡಿದ ಕೂಡಲೇ ‘ನಾಲ್ಕು’ ಎಂದಿದ್ದರೆ ಇನ್ನೊಬ್ಬರನ್ನು ಕೇಳಿ. ಲೆಕ್ಕ ತೋರಿಸಿ ನಾಲ್ಕು ಎಂದಿದ್ದರೆ ನಂಬಬಹುದು.

ಈಗ ನೀವು ನಿಜವಾಗಿ ಕೇಳಿದ ಪ್ರಶ್ನೆಗೆ ಬರುತ್ತೇನೆ. ಹಲ್ಲು ನೋಡಿ ಯಾರೂ ಯಾರನ್ನೂ ಅಳೆಯುವುದಿಲ್ಲ ಎಂದು ಸಮಾಧಾನ ಹೇಳಿದರೆ ಅದು ಸುಳ್ಳು. 2014ರಲ್ಲಿ ಬ್ರೆಜಿಲ್‌ನ ಸಂಶೋಧಕರು ಒಂದೇ ಮುಖದ ಎರಡು ಫೋಟೊ ತಯಾರಿಸಿದರು, ಒಂದರಲ್ಲಿ ಹಲ್ಲು ನೆಟ್ಟಗೆ, ಇನ್ನೊಂದರಲ್ಲಿ ಹಾಗಿಲ್ಲ. ಅದನ್ನು ಕೆಲಸಕ್ಕೆ ಜನರನ್ನು ತೆಗೆದುಕೊಳ್ಳುವ ಹೊಣೆಯಿದ್ದವರಿಗೆ ತೋರಿಸಿದರು. ನೆಟ್ಟಗಿನ ಹಲ್ಲಿನವರು ಹೆಚ್ಚು ಬುದ್ಧಿವಂತರು, ಕೆಲಸ ಸಿಗುವ ಸಾಧ್ಯತೆಯೂ ಹೆಚ್ಚು ಎಂಬ ಉತ್ತರ ಬಂತು. ಪ್ರಾಮಾಣಿಕತೆ ಮತ್ತು ದಕ್ಷತೆಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರು 2010ರಲ್ಲಿ ಇನ್ನೊಂದು ದಾರಿ ಹಿಡಿದರು. ಹಲ್ಲು ಹುಳುಕಾಗದಿರಲೆಂದು ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸಿದ ಊರುಗಳಲ್ಲಿ ಬೆಳೆದ, ಹಾಗಾಗಿ ಹಲ್ಲು ಚೆನ್ನಾಗಿದ್ದ ಹೆಂಗಸರ ಸಂಪಾದನೆ ಬೇರೆ ಊರಿನವರಿಗಿಂತ ಸುಮಾರು ಶೇಕಡಾ 4 ಹೆಚ್ಚಿತ್ತು. ಗಂಡಸರಲ್ಲಿ ಅಂಥ ವ್ಯತ್ಯಾಸವೇ ಇರಲಿಲ್ಲ. ಬಾಯಿಯ ತೆರಿಗೆ ಹೆಣ್ಣುಮಕ್ಕಳಿಗೆ ಮಾತ್ರ ಎಂದಾಯಿತು!

ಇದರ ಮಗ್ಗುಲಿಗೇ ಇಡಬೇಕಾದ ಇನ್ನೊಂದು ಅಧ್ಯಯನವಿದೆ, ನಮ್ಮ ವೃತ್ತಿಯವರು ಜಾಹೀರಾತಿನಲ್ಲಿ ಹಾಕದೇ ಇರುವಂಥದ್ದು. ವೇಲ್ಸ್‌ನ ಕಾರ್ಡಿಫ್‌ನಲ್ಲಿ 1981ರಲ್ಲಿ 11-12 ವಯಸ್ಸಿನ ಸಾವಿರಕ್ಕೂ ಹೆಚ್ಚು ಮಕ್ಕಳ ಹಲ್ಲು ಮತ್ತು ಮನಸ್ಸು ಎರಡನ್ನೂ ಪರೀಕ್ಷಿಸಿ ಬರೆದಿಟ್ಟುಕೊಂಡರು. ಇಪ್ಪತ್ತು ವರ್ಷದ ನಂತರ ಅವರಲ್ಲಿ ಸಿಕ್ಕಷ್ಟು ಜನರನ್ನು ಮತ್ತೆ ನೋಡಿದರು. ಬೇಕಿದ್ದಾಗ ಕ್ಲಿಪ್ ಹಾಕಿಸಿಕೊಂಡವರಿಗೆ ಹಲ್ಲು ಚೆನ್ನಾಗಿತ್ತು, ಹಲ್ಲಿನ ಬಗ್ಗೆ ತೃಪ್ತಿಯೂ ಇತ್ತು. ಆದರೆ ಒಟ್ಟಾರೆ ಆತ್ಮವಿಶ್ವಾಸದಲ್ಲಿ ಅವರಿಗೂ ಹಾಕಿಸಿಕೊಳ್ಳದವರಿಗೂ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಚಿಕ್ಕಂದಿನಲ್ಲಿ ತಮ್ಮ ಬಗ್ಗೆ ತಮಗೆ ಎಷ್ಟು ನಂಬಿಕೆಯಿತ್ತೋ ಅದೇ ದೊಡ್ಡವರಾದ ಮೇಲೂ ಹೆಚ್ಚು ಪಾಲು ನಿರ್ಧರಿಸಿತ್ತು.

ಕೆಲಸ ಶುರು ಮಾಡಿದ ಹೊಸತರಲ್ಲಿ ಇದನ್ನು ನಾನು ಓದಿದ್ದರೂ ಒಪ್ಪಿರಲಿಲ್ಲ. ಒಪ್ಪಿಸಿದ್ದು ಒಬ್ಬ ಬ್ಯಾಂಕ್ ಉದ್ಯೋಗಿ. ನಿಮ್ಮಂತೆಯೇ ಉಬ್ಬು, ನಿಮಗಿಂತ ನಾಲ್ಕೈದು ವರ್ಷ ದೊಡ್ಡವರು. ಇಪ್ಪತ್ತೆರಡು ತಿಂಗಳು ಒಂದು ಸಲವೂ ತಪ್ಪಿಸದೆ ಬಂದರು. ಕ್ಲಿಪ್ ಬಿಚ್ಚಿದ ದಿನ ಎಲ್ಲರೂ ಮಾಡುವ ಮೊದಲ ಕೆಲಸ ನಾಲಿಗೆಯಿಂದ ಹಲ್ಲು ಸವರಿ ನೋಡುವುದು. ಅವರೂ ಸವರಿದರು, ‘ಜಾರುತ್ತೆ ಡಾಕ್ಟ್ರೇ’ ಅಂದರು. ಕನ್ನಡಿ ಕೊಟ್ಟೆ. ನೋಡಿದರು, ನಗು ಬಂತು, ನಗು ಬಂದ ಕ್ಷಣಕ್ಕೆ ಬಲಗೈ ಎದ್ದು ಬಾಯಿಗೆ ಅಡ್ಡ ಬಂತು. ಅಡಗಿಸುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ, ಆದರೂ ಬಂತು. ನಮ್ಮ ನರ್ಸಮ್ಮ ಅವರ ಕೈ ಹಿಡಿದು ಕೆಳಗಿಳಿಸಿದರು, ಇಬ್ಬರೂ ನಕ್ಕರು, ಎಡಗೈ ಎದ್ದಿತು.

ಅಂದಿನಿಂದ ನಾನು ಹಲ್ಲಿನ ಜೊತೆ ಕೈಯನ್ನೂ ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ನಿಮ್ಮ ಅಪ್ರೈಸಲ್ ಓದಿದಾಗ ನನಗೆ ಅನ್ನಿಸಿದ್ದೂ ಅದೇ. ನಿಮ್ಮ ಮ್ಯಾನೇಜರ್ ಹಲ್ಲಿನ ಬಗ್ಗೆ ಒಂದು ಅಕ್ಷರ ಬರೆದಿಲ್ಲ, ಧ್ವನಿ ಕೇಳಿಸುವುದಿಲ್ಲ ಎಂದು ಬರೆದಿದ್ದಾರೆ. ಹಲ್ಲು ಕಾಣಬಾರದು ಎಂದು ಮಾತಾಡುವವರು ಮೇಲ್ತುಟಿಯನ್ನು ಕೆಳಗೆಳೆದುಕೊಂಡು, ಬಾಯಿ ಅರ್ಧವೇ ತೆರೆದು ಮಾತಾಡುತ್ತಾರೆ. ಸ್ವರಗಳು ಒಳಗೇ ಉಳಿಯುತ್ತವೆ. ಆ, ಐ, ಔ ಬಾಯಿ ತೆರೆಯದೆ ಬರುವ ಸ್ವರಗಳಲ್ಲ. ಎದುರು ಕೂತವರಿಗೆ ಅದು ಗೊಣಗಿದಂತೆ, ಹಿಂಜರಿದಂತೆ ಕೇಳಿಸುತ್ತದೆ. ಬಲ್ಲ ವಿಷಯವನ್ನೇ ನೀವು ಹೇಳುತ್ತಿದ್ದರೂ ಗೊತ್ತಿಲ್ಲದವರು ಹೇಳಿದ ಹಾಗೆ ಕಾಣುತ್ತದೆ.

ಹಲ್ಲಿನಿಂದಲೇ ಮಾತು ಕೆಡುವುದೂ ಉಂಟು, ಅದು ಎಷ್ಟೆಂದು ನೀವೇ ನೋಡಿಕೊಳ್ಳಬಹುದು. ಕನ್ನಡಿ ಮುಂದೆ ನಿಂತು ಅಪ್ಪ, ಅಮ್ಮ, ಹಬ್ಬ ಎಂದು ನಿಧಾನವಾಗಿ ಹೇಳಿ. ಶಾಲೆಯಲ್ಲಿ ಪವರ್ಗವನ್ನು ಓಷ್ಠ್ಯ ಎಂದು ಕಲಿಸಿದ್ದು ಎರಡೂ ತುಟಿ ಸೇರಬೇಕು ಎಂಬ ಕಾರಣಕ್ಕೆ. ಹಲ್ಲು ಬಹಳ ಉಬ್ಬಿದ್ದರೆ ಕೆಳತುಟಿ ಮೇಲ್ತುಟಿಯ ಬದಲು ಮೇಲಿನ ಹಲ್ಲಿಗೇ ತಾಗಿ ಪ-ಬ-ಮ ಹೊರಡುತ್ತದೆ. ಕೇಳುವವರಿಗೆ ಅಷ್ಟೇನೂ ಗೊತ್ತಾಗುವುದಿಲ್ಲ, ನೋಡುವವರಿಗೆ ಗೊತ್ತಾಗುತ್ತದೆ. ಮುಂದಿನ ಹಲ್ಲುಗಳು ಮೇಲೆ-ಕೆಳಗೆ ಕೂಡದೆ ಕಿಟಕಿಯಂತೆ ತೆರೆದಿರುವವರಿಗೆ ಸ-ಕಾರದಲ್ಲಿ ಗಾಳಿ ಸೋರುತ್ತದೆ, ಫೋನಿನಲ್ಲಿ ಅದು ಹೆಚ್ಚು. ನಿಮ್ಮ ವರ್ಣನೆ ನೋಡಿದರೆ ನಿಮಗೆ ಸ-ಕಾರದ ತೊಂದರೆ ಇರಲಾರದು. ತುಟಿ ಸೇರುತ್ತಿದೆ ಎಂದಾದರೆ ನಿಮ್ಮ ಮಾತಿಗೆ ಹಲ್ಲು ಅಡ್ಡ ಬಂದಿಲ್ಲ. ಅಡ್ಡ ಬಂದಿರುವುದು ಅದನ್ನು ಮುಚ್ಚಿಡುವ ಅಭ್ಯಾಸ. ಅದನ್ನು ಬಿಡಿಸಲು ಎರಡು ವರ್ಷ ಬೇಡ. ರಾತ್ರಿ ಹತ್ತು ನಿಮಿಷ ಬಾಗಿಲು ಹಾಕಿಕೊಂಡು ಪೇಪರನ್ನು ಗಟ್ಟಿಯಾಗಿ, ಬಾಯಿ ಪೂರ್ತಿ ತೆರೆದು ಓದಿ, ಕೈಯಲ್ಲಿ ಏನಾದರೂ ಹಿಡಿದುಕೊಂಡೇ ಓದಿ. ಮೀಟಿಂಗ್‌ನಲ್ಲೂ ಪೆನ್ನು ಹಿಡಿದುಕೊಳ್ಳಿ. ಪೆನ್ನು ಹಿಡಿದ ಕೈ ಬಾಯಿಗೆ ಹೋಗುವಾಗ ನಿಮಗೇ ಎಚ್ಚರಿಕೆಯಾಗುತ್ತದೆ.

ಕ್ಯಾಮೆರಾದ ವಿಷಯ ಒಂದಿಷ್ಟು ಬಿಡಿಸಿ ಹೇಳಬೇಕು, ಕೋವಿಡ್ ಬಂದ ಮೇಲೆ ನನ್ನ ಬಳಿ ಬರುವ ದೊಡ್ಡವರಲ್ಲಿ ಬಹಳ ಜನ ‘ಸ್ಕ್ರೀನ್‌ನಲ್ಲಿ ನೋಡಿಕೊಂಡೆ’ ಎಂದೇ ಶುರು ಮಾಡುತ್ತಾರೆ. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಮುಂದೆ ಚಾಚಿದ್ದೆಲ್ಲ ದೊಡ್ಡದಾಗಿ ಕಾಣುತ್ತದೆ. ಒಂದಡಿ ದೂರದ ಸೆಲ್ಫಿಯಲ್ಲಿ ಮೂಗು ಐದಡಿ ದೂರದ ಚಿತ್ರಕ್ಕಿಂತ ಸುಮಾರು ಶೇಕಡಾ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು ಅಮೆರಿಕದಲ್ಲಿ 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಉಬ್ಬಿದ ಹಲ್ಲಿಗೂ ಇದೇ ಗತಿ. ಮೇಲಾಗಿ ಮೇಜಿನ ಮೇಲಿನ ಲ್ಯಾಪ್‌ಟಾಪ್ ನಿಮ್ಮನ್ನು ಗದ್ದದ ಕೆಳಗಿನಿಂದ ನೋಡುತ್ತಿರುತ್ತದೆ. ಅದರ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟು ಕಣ್ಣಿನ ಮಟ್ಟಕ್ಕೆ ತಂದು, ಒಂದು ತೋಳಿಗಿಂತ ತುಸು ಹೆಚ್ಚು ದೂರ ಕೂತು ನೋಡಿ. ನನ್ನ ಚಿಕಿತ್ಸೆಗಳಲ್ಲಿ ಅತ್ಯಂತ ಅಗ್ಗದ್ದು ಇದೇ. ನಿಮ್ಮದೇ ಮುಖ ನಿಮಗೆ ಕಾಣುವ ಆ ಪುಟ್ಟ ಚೌಕವನ್ನೂ ಮರೆಮಾಡಿಬಿಡಿ, ಎದುರಿನವರು ಅದನ್ನು ನಿಮ್ಮಷ್ಟು ದಿಟ್ಟಿಸುವುದಿಲ್ಲ.

ಶಾಲೆಯ ಅಡ್ಡಹೆಸರು ಎಂದಿರಿ. ಹಲ್ಲುಬ್ಬು ಕಂಡರೆ ನಗಬೇಕು ಎಂಬ ಪಾಠ ನಮಗೆ ತೆರೆಯಿಂದಲೂ ಬಂದಿದೆ. ತಿಪಟೂರಿನ ನರಸಿಂಹರಾಜು ಬಾಯಿ ತೆರೆದರೆ ಸಾಕು, ಥಿಯೇಟರ್ ನಗುತ್ತಿತ್ತು. ಅವರು ಆ ಹಲ್ಲನ್ನೇ ಬಂಡವಾಳ ಮಾಡಿಕೊಂಡು ಕನ್ನಡ ಚಿತ್ರರಂಗದ ಹಾಸ್ಯಕ್ಕೆ ಇನ್ನೊಂದು ಹೆಸರಾದರು. ಝಾಂಜಿಬಾರ್‌ನಲ್ಲಿ ಹುಟ್ಟಿ ನಮ್ಮ ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ ಓದಿದ ಗಾಯಕ ಫ್ರೆಡ್ಡಿ ಮರ್ಕ್ಯುರಿಗೆ ಬಾಯಲ್ಲಿ ನಾಲ್ಕು ಹಲ್ಲು ಹೆಚ್ಚಿಗೆ ಇದ್ದವು, ಮುಂದಿನವು ಅದಕ್ಕೇ ಉಬ್ಬಿದ್ದವು. ಶಾಲೆಯಲ್ಲಿ ಅವರಿಗೂ ಹಲ್ಲಿನ ಮೇಲೆಯೇ ಅಡ್ಡಹೆಸರು. ದುಡ್ಡಿದ್ದಾಗಲೂ ಸರಿಮಾಡಿಸಲಿಲ್ಲ, ಕಂಠ ಬದಲಾದೀತೆಂಬ ಭಯ. ಇಂಥ ಉದಾಹರಣೆ ಕೊಟ್ಟು ‘ನೀವೂ ಹಾಗೇ ಇರಿ’ ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ವೇದಿಕೆಯ ಮೇಲಿನವರಿಗೆ ಸಿಗುವ ರಿಯಾಯಿತಿ ಸೋಮವಾರ ಬೆಳಗಿನ ಸ್ಟೇಟಸ್ ಕಾಲ್‌ನಲ್ಲಿ ಸಿಗುವುದಿಲ್ಲ. ಸರಿಮಾಡಿಸಿಕೊಳ್ಳಬೇಕು ಎನ್ನಿಸಿದರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅಲ್ಲದೆ ಒಂದರ ಮೇಲೊಂದು ಏರಿದ ಹಲ್ಲಿನ ಸಂದಿಗೆ ಬ್ರಶ್ ಹೋಗುವುದಿಲ್ಲ, ತುಟಿ ಮುಚ್ಚದ ಕಡೆ ವಸಡು ಒಣಗಿ ಕೆಂಪಾಗುತ್ತದೆ, ಬಿದ್ದರೆ ಮೊದಲು ಮುರಿಯುವುದೂ ಉಬ್ಬಿದ ಹಲ್ಲೇ. ಕೆಲಸದ ವಿಷಯ ಬಿಟ್ಟರೂ ಚಿಕಿತ್ಸೆಗೆ ಕಾರಣವಿದೆ.

ಆರು ತಿಂಗಳ ಜಾಹೀರಾತು: ಹಲ್ಲು ಎಲುಬಿನಲ್ಲಿ ತಿಂಗಳಿಗೆ ಹೆಚ್ಚುಕಡಿಮೆ 1 ಮಿಲಿಮೀಟರ್ ಸರಿಯುತ್ತದೆ. ಕಿತ್ತ ಹಲ್ಲಿನ 7 ಮಿಲಿಮೀಟರ್ ಜಾಗ, ಅದಕ್ಕೆ ಮೊದಲು ಸಾಲು ನೇರ ಮಾಡುವ ತಿಂಗಳುಗಳು, ಕೊನೆಗೆ ಮೇಲೆ-ಕೆಳಗೆ ಕೂಡಿಸುವ ತಿಂಗಳುಗಳು ಸೇರಿಸಿ. 18ರಿಂದ 24 ತಿಂಗಳು ಎಂಬುದು ಫೀಸಿಗಾಗಿ ಎಳೆದದ್ದಲ್ಲ ಎಂದು ತಿಳಿಯುತ್ತದೆ. ಜೋರಾಗಿ ಒತ್ತಿದರೆ ಬೇಗ ಸರಿಯುವುದಿಲ್ಲ. ಆ ನಾರಿನ ಪದರ ನಜ್ಜಿ ರಕ್ತ ನಿಂತು ಹಲ್ಲು ಇನ್ನೂ ಮೊಂಡು ಹಿಡಿಯುತ್ತದೆ, ಬೇರಿನ ತುದಿ ಸವೆಯುವ ಅಪಾಯವೂ ಹೆಚ್ಚು. ಸಣ್ಣ ಸಂದು, ಅಲ್ಪಸ್ವಲ್ಪ ಓರೆ ಆರು ತಿಂಗಳಲ್ಲಿ ಸರಿಹೋಗುವುದು ನಿಜ, ನಿಮ್ಮದು ಅದಲ್ಲ. ಅಲೈನರ್ ಎಂದರೆ ಪಾರದರ್ಶಕ ತಟ್ಟೆಗಳ ಸರಣಿ, ಒಂದೊಂದು ತಟ್ಟೆ ಹಲ್ಲನ್ನು ಸುಮಾರು ಕಾಲು ಮಿಲಿಮೀಟರ್ ಸರಿಸುತ್ತದೆ. ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು. ತಿನ್ನುವಾಗ, ಕಾಫಿ ಕುಡಿಯುವಾಗ ತೆಗೆಯಬೇಕು. ಹನ್ನೊಂದಕ್ಕೊಂದು, ನಾಲ್ಕಕ್ಕೊಂದು ಕಾಫಿ, ನಡುವೆ ಪ್ಯಾಂಟ್ರಿಯಲ್ಲಿ ಹರಟೆ ಎಂದರೆ ಗಂಟೆಗಳು ಹೀಗೇ ಸೋರಿಹೋಗುತ್ತವೆ. ಶಿಸ್ತಿದ್ದವರಿಗೆ ಒಳ್ಳೆಯದು, ಮತ್ತು ತಜ್ಞರು ಬಾಯಿ ನೋಡುತ್ತಾ ನಡೆಸಿದರೆ ಮಾತ್ರ. ಡಾಕ್ಟರನ್ನು ಎದುರಾಬದುರು ನೋಡದೆ ಮನೆಗೇ ತಟ್ಟೆ ತರಿಸಿಕೊಳ್ಳುವ ಏರ್ಪಾಡಿನ ಸಹವಾಸ ಬೇಡ. ಅಮೆರಿಕದಲ್ಲಿ ಅಂಥದೊಂದು ದೊಡ್ಡ ಕಂಪನಿ 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು, ಅರ್ಧ ಸರಿದ ಹಲ್ಲಿನವರು ನಡುನೀರಿನಲ್ಲಿ ನಿಂತರು. ‘ಎರಡೇ ಸಿಟ್ಟಿಂಗ್‌ನಲ್ಲಿ ಹೊಸ ನಗು’ ಎಂದು ಹಲ್ಲು ತೇದು ಮೇಲೆ ಕವಚ ಕೂರಿಸುವವರಿದ್ದಾರೆ. ತೇದ ಎನಾಮಲ್ ಮತ್ತೆ ಹುಟ್ಟುವುದಿಲ್ಲ. 28ರ ಗಟ್ಟಿ ಹಲ್ಲಿಗೆ ಅದು ಬೇಡ.

ಕ್ಲಿಪ್ ಹಾಕಿಕೊಂಡು ಆಫೀಸಿಗೆ ಹೋಗುವುದು ಹೇಗಿರುತ್ತದೆ? ಮೊದಲ ಮೂರು-ನಾಲ್ಕು ದಿನ ಹಲ್ಲು ಮಿಡಿಯುತ್ತದೆ, ಅನ್ನ-ಸಾರೇ ಗತಿ. ಕೆನ್ನೆಯ ಒಳಗೆ ಗಾಯವಾದರೆ ಮೇಣ ಕೊಡುತ್ತಾರೆ, ತಂತಿಗೆ ಮೆತ್ತಿಕೊಳ್ಳಿ. ಹಾಗಾಗಿ ಹಾಕಿಸುವುದಾದರೆ ಶುಕ್ರವಾರ ಹಾಕಿಸಿ. ಒಂದು ವಾರ ನಾಲಿಗೆ ತಡವರಿಸಬಹುದು, ಆಮೇಲೆ ಮಾತು ಹಳಿಗೆ ಬರುತ್ತದೆ. ಹಲ್ಲಿನ ಬಣ್ಣದ ಸೆರಾಮಿಕ್ ಕ್ಲಿಪ್ ದೂರಕ್ಕೆ ಕಾಣುವುದಿಲ್ಲ, ಆದರೆ ಅದಕ್ಕೆ ಕಟ್ಟುವ ಬಿಳಿ ರಬ್ಬರ್ ನಮ್ಮ ಅರಿಶಿನಕ್ಕೆ ಎರಡೇ ದಿನದಲ್ಲಿ ಹಳದಿಯಾಗುತ್ತದೆ. ಬೂದುಬಣ್ಣದ ರಬ್ಬರ್ ಕೇಳಿ. ಬೆಣ್ಣೆದೋಸೆಗೆ ಅಡ್ಡಿಯಿಲ್ಲ. ಖಡಕ್ ರೊಟ್ಟಿ, ಚಕ್ಕುಲಿ, ಕೋಡುಬಳೆಯನ್ನು ಮುಂದಿನ ಹಲ್ಲಿನಲ್ಲಿ ಕಚ್ಚಬೇಡಿ, ಮುರಿದು ದವಡೆಗೆ ಹಾಕಿಕೊಳ್ಳಿ. ಪ್ರತಿ ವರ್ಷ ಸಂಕ್ರಾಂತಿ ಮಾರನೆಯ ದಿನ ನನ್ನ ಕ್ಲಿನಿಕ್ಕಿನಲ್ಲಿ ಕಬ್ಬು ಮತ್ತು ಎಳ್ಳುಬೆಲ್ಲದ ಕೊಬ್ಬರಿಗೆ ಕಿತ್ತುಬಂದ ಬ್ರಾಕೆಟ್ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಪುಟ್ಟ ತುಂಡು) ಹಿಡಿದುಕೊಂಡವರ ಸಾಲು ಇರುತ್ತದೆ. ಊಟವಾದ ಮೇಲೆ ಉಜ್ಜಲೇಬೇಕು, ಇಲ್ಲದಿದ್ದರೆ ಕ್ಲಿಪ್ ಬಿಚ್ಚಿದಾಗ ಅದರ ಸುತ್ತ ಸುಣ್ಣದಂಥ ಬಿಳಿ ಕಲೆ ಉಳಿದಿರುತ್ತದೆ. ಕ್ಲೈಂಟ್‌ಗಳ ಎದುರು ಮುಜುಗರವೇ? ದೊಡ್ಡವರ ಬಾಯಲ್ಲಿ ಕ್ಲಿಪ್ ಈಗ ಬೆಂಗಳೂರಿನ ಮೆಟ್ರೋದಲ್ಲಿ ಕಾಣುವಷ್ಟು ಸಾಮಾನ್ಯ. ಆನ್‌ಸೈಟ್ ಹೋಗುವ ಸಾಧ್ಯತೆಯಿದ್ದರೆ ಮಾತ್ರ ಮೊದಲೇ ಹೇಳಿ. ನಾಲ್ಕರಿಂದ ಆರು ವಾರಕ್ಕೊಮ್ಮೆ ಬರಬೇಕಾದ ಚಿಕಿತ್ಸೆ ಇದು, ಅರ್ಧದಲ್ಲಿ ಇನ್ನೊಂದು ದೇಶದ ಡಾಕ್ಟರ ಕೈಗೆ ದಾಟಿಸುವುದು ತಲೆನೋವು.

ಖರ್ಚು ಬೆಂಗಳೂರಿನ ಖಾಸಗಿ ಕ್ಲಿನಿಕ್ಕಿನಲ್ಲಿ ಲೋಹದ ಕ್ಲಿಪ್‌ಗೆ ಸುಮಾರು 35,000ದಿಂದ 60,000 ರೂಪಾಯಿ, ಸೆರಾಮಿಕ್‌ಗೆ ಅದಕ್ಕಿಂತ ಹೆಚ್ಚು, ಅಲೈನರ್ ಲಕ್ಷ ದಾಟುತ್ತದೆ. ಡೆಂಟಲ್ ಕಾಲೇಜಿನಲ್ಲಿ ಇದಕ್ಕಿಂತ ಬಹಳ ಕಡಿಮೆ. ಅಲ್ಲಿ ಎಂ.ಡಿ.ಎಸ್ ಎಂಬ ಸ್ನಾತಕೋತ್ತರ ಪದವಿಯ ವಿದ್ಯಾರ್ಥಿಗಳು ಪ್ರೊಫೆಸರ್ ಕಣ್ಣಿನ ಕೆಳಗೆ ಮಾಡುತ್ತಾರೆ, ಕಾಯುವ ಹೊತ್ತು ಹೆಚ್ಚು, ಕೆಲಸ ಮಾತ್ರ ಅಚ್ಚುಕಟ್ಟು. ಬೆಂಗಳೂರಿನಲ್ಲಿ ಸರ್ಕಾರಿ ಡೆಂಟಲ್ ಕಾಲೇಜೇ ಇದೆ, ನಿಮ್ಮ ದಾವಣಗೆರೆಯಲ್ಲಂತೂ ಎರಡು ಡೆಂಟಲ್ ಕಾಲೇಜುಗಳಿವೆ. ಯಾರ ಬಳಿ ಹೋದರೂ ಬಿ.ಡಿ.ಎಸ್ ಪದವಿಯ ಮೇಲೆ ಮೂರು ವರ್ಷ ಆರ್ಥೊಡಾಂಟಿಕ್ಸ್, ಅಂದರೆ ಹಲ್ಲಿನ ಸಾಲು ಸರಿಪಡಿಸುವ ವಿದ್ಯೆ ಓದಿದವರೇ ಹೌದೇ ಎಂದು ಕೇಳಿ. ಕೇಳಿದ್ದಕ್ಕೆ ಬೇಸರ ಮಾಡಿಕೊಂಡರೆ ಎದ್ದು ಬನ್ನಿ.

ಮದುವೆಗೆ ಇದು ಅಡ್ಡಿಯಲ್ಲ ಎಂದು ಅಮ್ಮನಿಗೆ ಹೇಳಿ. ದಿನ ಗೊತ್ತಾದ ಮೇಲೆ ತಿಳಿಸಿದರೆ ಮುಂದಿನ ಹಲ್ಲಿನ ಬ್ರಾಕೆಟ್‌ಗಳನ್ನು ಮುಹೂರ್ತಕ್ಕೆ ಎರಡು ದಿನ ಮುಂಚೆ ಬಿಚ್ಚಿ, ಬೀಗರ ಊಟ ಮುಗಿದ ಮೇಲೆ ಮತ್ತೆ ಅಂಟಿಸುತ್ತೇವೆ. ಎಷ್ಟೋ ಜನರಿಗೆ ಮಾಡಿದ್ದೇನೆ. ಅಮ್ಮನಿಗೆ ಹೇಳಬೇಕಾದ ದೊಡ್ಡ ಸಂಗತಿ ಬೇರೆ ಇದೆ: ಕ್ಲಿಪ್ ಬಿಚ್ಚಿದ ಮೇಲೆ ರಿಟೇನರ್, ಅಂದರೆ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ಸಾಧನ. ಹಲ್ಲಿನ ಸುತ್ತಲಿನ ನಾರುಗಳು ಹಲ್ಲನ್ನು ಹಳೆಯ ಜಾಗಕ್ಕೆ ಎಳೆಯುತ್ತಲೇ ಇರುತ್ತವೆ. ಮೊದಲು ಹಗಲು-ರಾತ್ರಿ, ಆಮೇಲೆ ರಾತ್ರಿ ಮಾತ್ರ, ಆದರೆ ವರ್ಷಗಟ್ಟಲೆ ಹಾಕಿಕೊಳ್ಳಬೇಕು. ಹಾಕದೆ ಮೂರು ವರ್ಷ ಬಿಟ್ಟು ‘ಹಲ್ಲು ಮತ್ತೆ ಓಡಿಬಂತು’ ಎಂದು ಬರುವವರು ನನ್ನ ಬಳಿ ತಿಂಗಳಿಗೆ ಇಬ್ಬರಾದರೂ ಇರುತ್ತಾರೆ.

ಟೀಮ್ ಲೀಡ್ ಹುದ್ದೆ. ಎಕ್ಸ್‌ರೇ, ಅಚ್ಚು, ವಸಡು ಶುಚಿ, ಹಲ್ಲು ಕೀಳುವುದು, ಗಾಯ ಮಾಯುವುದು ಎಲ್ಲ ಸೇರಿ ಮೊದಲ ತಂತಿ ಬೀಳಲು ಹೇಗೂ ಮೂರು-ನಾಲ್ಕು ವಾರ ಹಿಡಿಯುತ್ತದೆ. ಅಷ್ಟರಲ್ಲಿ ನಿಮ್ಮ ಕೊನೆಯ ದಿನಾಂಕ ಕಳೆದಿರುತ್ತದೆ. ಅರ್ಜಿ ಈ ವಾರ ಹಾಕಿ, ಅಪಾಯಿಂಟ್‌ಮೆಂಟ್ ಮುಂದಿನ ವಾರ ತೆಗೆದುಕೊಳ್ಳಿ. ಇಂಟರ್‌ವ್ಯೂಗೆ ಪೆನ್ನು ಮರೆಯಬೇಡಿ.